ಯಜಮಾನ ಹೋದರೂ ಪರಿವಾರ ಹೋಗದು

ಡೆಬಿಯನ್ ಲಿನಕ್ಸ್‌ನಲ್ಲಿ ಹಾಕಿಕೊಂಡ ತಂತ್ರಾಂಶ ಒಂಟಿಯಾಗಿ ಬರುವುದು ಅಪರೂಪ. ತನ್ನ ಕೆಲಸಕ್ಕೆ ಬೇಕಾದ ಪ್ಯಾಕೇಜುಗಳನ್ನೂ, ಕೆಲವೊಮ್ಮೆ ಹತ್ತಾರನ್ನು, ಜೊತೆಗೆ ಕರೆತರುತ್ತದೆ. ‘ಆಪ್ಟ್ ರಿಮೂವ್’ ಎಂದರೆ ಯಜಮಾನ ಹೊರಡುತ್ತಾನೆ. ಪರಿವಾರ ಡಿಸ್ಕ್‌ನಲ್ಲೇ ಬಿಡಾರ ಹೂಡಿರುತ್ತದೆ. ಅದನ್ನು ತೆರವು ಮಾಡಿಸುವ ಆದೇಶ ‘ಆಪ್ಟ್ ಆಟೋರಿಮೂವ್’.

ಬಳಕೆದಾರ ಕೇಳಿ ಹಾಕಿಸಿದ್ದು ಯಾವುದು, ತಾನಾಗಿ ಬಂದದ್ದು ಯಾವುದು ಎಂಬ ಲೆಕ್ಕ ಆಪ್ಟ್ ಬಳಿ ಇರುತ್ತದೆ. ತಾನಾಗಿ ಬಂದು, ಈಗ ಉಳಿದ ಯಾವ ತಂತ್ರಾಂಶಕ್ಕೂ ಬೇಡವಾದದ್ದನ್ನು ಅದು ಕಿತ್ತುಹಾಕುತ್ತದೆ. ತೊಡಕಿರುವುದು ಇಲ್ಲೇ. ಹೀಗೆ ಬಂದ ಪ್ಯಾಕೇಜೊಂದನ್ನು ಮನೆಯವರು ದಿನವೂ ಬಳಸುತ್ತಿರಬಹುದು. ಪಾಪ, ಆಪ್ಟ್‌ಗೆ ಅದು ತಿಳಿಯದು. ‘ವೈ’ ಒತ್ತುವ ಮುನ್ನ ಪಟ್ಟಿ ಓದಲೇಬೇಕು. ಬೇಕಾದದ್ದು ಕಂಡರೆ ‘ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಎಂದು ಅದರ ಹೆಸರು ಬರೆಸಿದರೆ ಉಳಿಯುತ್ತದೆ. ಇಷ್ಟಾದರೂ ಹೋದ ಯಜಮಾನನ ಸೆಟ್ಟಿಂಗ್ಸ್ ಕಡತಗಳು ‘ಇಟಿಸಿ’ ಕೋಶದಲ್ಲಿ ಉಳಿದಿರುತ್ತವೆ. ಅವಕ್ಕೆ ‘ಪರ್ಜ್’ ಬೇಕು.