ಎತ್ತಿನ ಹಲ್ಲು ನೋಡೋರು ಕಾರಿನ ಹಲ್ಲು ನೋಡಬೇಡವೇ?

ನಮ್ಮ ಅಕ್ಕಿಆಲೂರು ಕಡೆ ಹೋರಿ ಕೊಳ್ಳೋಕೆ ಹೋದವರು ಬಣ್ಣ ನೋಡಿ ದುಡ್ಡು ಬಿಚ್ಚಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸ್ತಾರೆ, ಸುಳಿ ನೋಡ್ತಾರೆ, ನಾಲ್ಕು ಹೆಜ್ಜೆ ನಡೆಸ್ತಾರೆ. ಆಮೇಲೆ ವ್ಯಾಪಾರದ ಮಾತು. ಇಂಥ ಊರಲ್ಲಿ ಹುಟ್ಟಿದ ನಾನು ಕಳೆದ ದೀಪಾವಳಿಗೆ ಬಂದಾಗ ಒಂದು ಬಿಳಿ ಕಾರಿನ ಹೊಳಪಿಗೆ ಮರುಳಾಗಿ ಅಡ್ವಾನ್ಸ್ ಕೊಡೋಕೆ ಹೊರಟಿದ್ದೆ!

ಕಾರು ಶೋಕಿಗಲ್ಲ. ಮೊಣಕಾಲು ಆಪರೇಷನ್ ಆದ ಮೇಲೆ ಅವ್ವನಿಗೆ ಬಸ್ಸಿನ ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ. ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ತೋರಿಸೋಕೆ ಹೋಗಬೇಕು. ಅಪ್ಪ ಗೋವಿನಜೋಳ ಮಾರಿದ ದುಡ್ಡು, ನನ್ನ ಎರಡು ವರ್ಷದ ಉಳಿತಾಯ ಸೇರಿಸಿದರೆ ಮೂರುವರೆ ಲಕ್ಷ. ಅದು ಹೋದರೆ ಮತ್ತೊಂದಿಲ್ಲ.

"ಡಾಕ್ಟರ್ ಓಡ್ಸಿದ ಗಾಡಿರೀ, ಬರೇ 42 ಸಾವಿರ ಓಡೈತಿ" ಅಂದ ಮಾರುವವ. ಅಪ್ಪ ನನ್ನ ಕಡೆ ತಿರುಗಿ, "ಇದರ ಹಲ್ಲು ಎಲ್ಲದಾವು ನೋಡೀಯೇನಪ್ಪಾ?" ಅಂದರು. ನನಗೆ ನಗು ಬಂತು. ಆದರೆ ಪ್ರಶ್ನೆ ಸರಿ ಇತ್ತು.

ಇಂಗ್ಲೆಂಡಿನಲ್ಲಿ ಮೂರು ವರ್ಷ ದಾಟಿದ ಕಾರನ್ನು ಪ್ರತಿ ವರ್ಷ ತಪಾಸಣೆಗೆ ಒಯ್ಯಲೇಬೇಕು. ನಂಬರ್ ಹಾಕಿದರೆ ಯಾವ ವರ್ಷ ಪಾಸು, ಯಾವ ವರ್ಷ ಫೇಲು, ಎಷ್ಟು ಓಡಿತ್ತು ಅನ್ನೋದು ಯಾರಿಗಾದರೂ ಪುಕ್ಕಟೆ ಸಿಗುತ್ತೆ. ನಮ್ಮಲ್ಲಿ ಬಿಳಿ ಬೋರ್ಡಿನ ಕಾರಿಗೆ 15 ವರ್ಷ ತುಂಬುವವರೆಗೂ ಎಫ್‌ಸಿ ಇಲ್ಲ. ಆಮೇಲೆ ಐದೈದು ವರ್ಷಕ್ಕೊಮ್ಮೆ. ನಡುವೆ ಇರೋದು ಎಮಿಷನ್ ಟೆಸ್ಟ್ ಮಾತ್ರ. ಅದು ಹೊಗೆ ನೋಡುತ್ತೆ, ಬ್ರೇಕ್ ನೋಡಲ್ಲ. ಹಾಗಾಗಿ ಗಾಡಿಯ ಜಾತಕವನ್ನು ನಾವೇ ಅಲ್ಲಿಷ್ಟು ಇಲ್ಲಿಷ್ಟು ಹುಡುಕಿ ಬರೆದುಕೊಳ್ಳಬೇಕು.

ಮೊದಲು ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದೆ. ನೋಂದಣಿ ದಿನಾಂಕ, ಇನ್ಶೂರೆನ್ಸ್, ಎಮಿಷನ್ ಎಲ್ಲ ಸರಿ ಇತ್ತು. ಆರ್‌ಸಿ ತೆಗೆದು ಚಾಸಿ ನಂಬರ್ ತಾಳೆ ನೋಡಿದೆ, ಅದೂ ಸರಿ. ಸಾಲ ಇದೆಯೇ ಅಂತಲೂ ಆರ್‌ಸಿಯಲ್ಲೇ ನೋಡಿಕೊಳ್ಳಿ. ಇದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರೋವರೆಗೂ ದುಡ್ಡು ಕೊಡಬೇಡಿ.

ಆಮೇಲೆ ಇನ್ಶೂರೆನ್ಸ್ ಪಾಲಿಸಿ ಕೇಳಿದೆ. ಅದರಲ್ಲಿ 'ನೋ ಕ್ಲೇಮ್ ಬೋನಸ್' ಅಂತ ಒಂದು ಸಾಲು ಇರುತ್ತೆ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 20, ಹಾಗೇ ಏರಿ ಐದು ವರ್ಷಕ್ಕೆ ಶೇ 50. ಈ ಕಾರಿಗೆ ಆರು ವರ್ಷ, ಓನರ್ ಒಬ್ಬರೇ, ಬೋನಸ್ ಮಾತ್ರ ಸೊನ್ನೆ. ಪಾಲಿಸಿ ತಪ್ಪಿ ತಿಂಗಳುಗಟ್ಟಲೆ ಬಿಟ್ಟರೂ ಸೊನ್ನೆಯಾಗುತ್ತೆ, ಹೀಗಾಗಿ ಸೊನ್ನೆ ಅಂದಾಕ್ಷಣ ಆ್ಯಕ್ಸಿಡೆಂಟ್ ಅಂತಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದು. ಕೇಳಿದೆ. "ಸಣ್ಣ ಗೀರುರೀ" ಅಂದ.

"ಹಂಗಾದ್ರ ಕಂಪನಿ ಸರ್ವೀಸ್ ಸೆಂಟರಿಗೆ ಹೋಗೋಣು ನಡೀರಿ" ಅಂದರು ಅಪ್ಪ. ಅಲ್ಲಿ ಓನರ್ ಒಪ್ಪಿದರೆ ನಂಬರ್ ಹಾಕಿ ಹಳೇ ದಾಖಲೆ ತೋರಿಸ್ತಾರೆ. ಅವನು ಕೈ ಕೈ ಹಿಸುಕಿಕೊಂಡು, ಕೊನೆಗೆ ಓನರಿಗೆ ಫೋನ್ ಹಚ್ಚಿದ. ಕಂಪ್ಯೂಟರಿನಲ್ಲಿ ಬಂದದ್ದು ಇಷ್ಟು: ಎರಡು ವರ್ಷದ ಹಿಂದೆಯೇ 81 ಸಾವಿರ ಕಿಲೋಮೀಟರ್. ಅದಾದ ಮೇಲೆ ಮುಂಭಾಗ ಪೂರ್ತಿ ಬಿಚ್ಚಿ ಕಟ್ಟಿದ್ದಾರೆ, ಏರ್‌ಬ್ಯಾಗ್ ಬದಲಾಗಿದೆ. ಅವ್ವ ಕೂರಬೇಕಿದ್ದ ಸೀಟಿನ ಮುಂದಿನ ಏರ್‌ಬ್ಯಾಗ್. ನನ್ನ ಬಾಯಿ ಒಣಗಿತು.

ಕಾಗದ ಇಲ್ಲದಿದ್ದರೆ ಗಾಡಿಯೇ ಹೇಳುತ್ತೆ. ಟೈರಿನ ಮೇಲಿನ ನಾಲ್ಕಂಕಿ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. 20 ಸಾವಿರ ಓಡಿದೆ ಅನ್ನುವ ಗಾಡಿಗೆ ನಾಲ್ಕೂ ಹೊಸ ಟೈರ್ ಯಾಕೆ? ಬಾನೆಟ್ ಬೋಲ್ಟಿನ ಬಣ್ಣ ಕಿತ್ತಿದೆಯೇ? ಸೀಟ್ ಬೆಲ್ಟ್ ಕೊನೆವರೆಗೂ ಎಳೆಯಿರಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಗಾಡಿ ನೀರಲ್ಲಿ ನಿಂತಿರಬಹುದು. 2019ರಲ್ಲಿ ನಮ್ಮ ವರದಾ ಉಕ್ಕಿದ್ದು, 2022ರಲ್ಲಿ ಬೆಂಗಳೂರಿನ ಬೇಸ್‌ಮೆಂಟ್‌ಗಳಲ್ಲಿ ಕಾರು ಮುಳುಗಿದ್ದು ನೆನಪಿದೆಯಲ್ಲ? ಕೊನೆಗೆ ನಿಮ್ಮ ನಂಬಿಕೆಯ ಮೆಕ್ಯಾನಿಕ್ ಕೈಲಿ ಒಮ್ಮೆ ತೋರಿಸಿ. ಮಾರುವವನು ಕರೆತಂದ ಮೆಕ್ಯಾನಿಕ್ ಬೇಡ.

ಕೊಂಡ ಮೇಲೂ ಸುಮ್ಮನಿರಬೇಡಿ. ಫಾರಂ 29, 30 ಸಹಿ ಮಾಡಿಸಿಕೊಂಡು ಆರ್‌ಟಿಒದಲ್ಲಿ ಹೆಸರು ಬದಲಿಸಿ. ಮಾರುವವರಿಗೂ ಇದು ಮುಖ್ಯ. ಗಾಡಿ ಮಾರಿದರೂ ಆರ್‌ಸಿಯಲ್ಲಿ ಹೆಸರು ಇರೋವರೆಗೆ ಅಪಘಾತದ ಪರಿಹಾರದ ಹೊಣೆ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮೂರು ತಿಂಗಳಾದ ಮೇಲೆ ಹಾವೇರಿಯ ನಿವೃತ್ತ ಮೇಷ್ಟ್ರೊಬ್ಬರ ಕಾರು ಸಿಕ್ಕಿತು. 68 ಸಾವಿರ ಓಡಿದೆ, ಬಾಗಿಲಿಗೆ ಒಂದು ತಗ್ಗು. ಆದರೆ ಮೊದಲ ಸರ್ವೀಸಿನಿಂದ ಕೊನೆಯ ಪಂಕ್ಚರಿನವರೆಗೆ ಬಿಲ್ಲುಗಳ ಫೈಲು ಇಟ್ಟಿದ್ದರು! ಅಪ್ಪ ಅದನ್ನು ಹಾಳೆ ಹಾಳೆ ತಿರುವಿ ನೋಡಿ, "ಹಲ್ಲು ಗಟ್ಟಿ ಅದಾವು" ಅಂದರು.

ಈಗ ಹುಬ್ಬಳ್ಳಿಗೆ ಹೋಗುವಾಗ ಅವ್ವ ಮುಂದಿನ ಸೀಟಲ್ಲಿ ಕಾಲು ಚಾಚಿ ನಿದ್ದೆ ಹೋಗ್ತಾಳೆ. ಬಾಗಿಲಿನ ತಗ್ಗು ಹಾಗೇ ಇದೆ. ತೆಗೆಸೋದು ಬೇಡ ಅಂದಿದ್ದಾಳೆ.