ಮಗಳನ್ನು ಯಾವ ಸಾಲಿಗೆ ಹಾಕೋಣ?

ಬರುವ ಜೂನ್ ತಿಂಗಳಿಗೆ ನನ್ನ ಮಗಳಿಗೆ ಆರು ತುಂಬುತ್ತದೆ. ಆರು ತುಂಬುವ ಮಗು ಮನೆಯಲ್ಲಿದ್ದರೆ ಊರಿನವರೆಲ್ಲರೂ ಶಿಕ್ಷಣತಜ್ಞರಾಗುತ್ತಾರೆಂಬುದನ್ನು ವಾಚಕರು ಸ್ವಾನುಭವದಿಂದ ಬಲ್ಲರು. ಹಾಲು ತರುವವನಿಂದ ಹಿಡಿದು ನಮ್ಮ ಕಾಲೇಜಿನ ಗಣಿತದ ಪ್ರಾಧ್ಯಾಪಕರವರೆಗೆ ಎಲ್ಲರೂ ಒಂದೊಂದು ಇಂಗ್ಲಿಷ್ ಶಾಲೆಯ ಹೆಸರು ಹೇಳಿದರು. ಬಾಗಲಕೋಟೆಯ ನವನಗರದ ನಮ್ಮ ಮನೆಯಿಂದ ಐದು ನಿಮಿಷದ ದಾರಿಯಲ್ಲಿರುವ ಸರಕಾರಿ ಕನ್ನಡ ಶಾಲೆಯ ಹೆಸರನ್ನು ಮಾತ್ರ ಒಬ್ಬರೂ ಹೇಳಲಿಲ್ಲ.

ಆ ಹೆಸರನ್ನು ನಾನೇ ಎತ್ತಿದೆ. ಮಡದಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಕಾಲೇಜಿನ್ಯಾಗ ಕನ್ನಡದ ಮ್ಯಾಲೆ ಎಷ್ಟರೆ ಭಾಷಣಾ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ನನ್ನ ಮಗಳ ಮ್ಯಾಲೆ ಪ್ರಯೋಗ ಮಾಡಬ್ಯಾಡ್ರಿ."

ನನಗೆ ಉತ್ತರ ಹೊಳೆಯಲಿಲ್ಲ. ಕನ್ನಡದ ಎಂ.ಎ. ಪದವಿಯಿಂದ ಅನ್ನ ಉಣ್ಣುವವನು ನಾನು. ಆದರೆ ನನ್ನ ತತ್ತ್ವದ ಸಾಲವನ್ನು ಮಗಳು ತೀರಿಸಬೇಕೆಂಬ ನ್ಯಾಯವೆಲ್ಲಿಯದು? ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆಯ್ಕೆಯ ಹಕ್ಕು ತಂದೆತಾಯಿಗಳಿಗೆ ಬಂದಿತು. ಹಕ್ಕಿನ ಜೊತೆಗೆ ನಿದ್ದೆಗೆಡುವ ಭಾಗ್ಯವೂ ಬಂದಿತು. ಶಾಲೆಯನ್ನು ಕಣ್ಣಾರೆ ನೋಡದೆ ಹೊಗಳುವುದೂ ಬೇಡ, ತೆಗಳುವುದೂ ಬೇಡವೆಂದು ನಾವಿಬ್ಬರೂ ಒಪ್ಪಿದೆವು. ಆದರೆ ನೋಡುವುದಾದರೂ ಏನನ್ನು?

ಈ ಪ್ರಶ್ನೆಯನ್ನು ಹೊತ್ತುಕೊಂಡೇ ಇಳಕಲ್ಲಿಗೆ, ತಂದೆಯವರ ಬಳಿಗೆ ಹೋದೆ. ಅವರು ನಾಲ್ವತ್ತು ವರ್ಷ ಮಗ್ಗದ ಮುಂದೆ ಕುಳಿತವರು. ನಾನು ಅಕ್ಷರ ಕಲಿತದ್ದು ಅಲ್ಲಿಯ ಸರಕಾರಿ ಶಾಲೆಯಲ್ಲಿ. ಬೆಳಿಗ್ಗೆ ಕಂಡಿಕೆ ಸುತ್ತಿಕೊಟ್ಟು ಪಾಟಿ ಹಿಡಿದು ಓಡುತ್ತಿದ್ದೆ. (ಮರಾಠಿ ಶಾಲೆಗಳೇ ಮೆರೆಯುತ್ತಿದ್ದ 19ನೆಯ ಶತಮಾನದಲ್ಲಿ ಡೆಪ್ಯೂಟಿ ಚೆನ್ನಬಸಪ್ಪನವರಂಥವರು ಈ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿಯದಿದ್ದರೆ ನನ್ನ ಪಾಟಿಯ ಮೇಲೆ ಯಾವ ಅಕ್ಷರವಿರುತ್ತಿತ್ತೋ!) ತಂದೆಯವರು ನನ್ನ ಮಾತನ್ನೆಲ್ಲ ಕೇಳಿ, "ಸೀರಿ ನೋಡಾವ ಸೆರಗ ನೋಡಬಾರದೋ ತಮ್ಮಾ, ಕೊಂಡಿ ನೋಡಬೇಕು" ಎಂದರು.

ಇಳಕಲ್ಲ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನೂಲು ಬೇರೆ. ಒಂದೊಂದು ಎಳೆಯನ್ನೂ ಕುಣಿಕೆ ಹಾಕಿ ಇನ್ನೊಂದಕ್ಕೆ ಸೇರಿಸುತ್ತಾರೆ, ಅದೇ ಕೊಂಡಿ. ಸೆರಗು ಎಷ್ಟೇ ಕೆಂಪಗೆ ಮಿಂಚಲಿ, ಕೊಂಡಿ ಸಡಿಲಾದರೆ ಸೀರೆ ಬಾಳುವುದಿಲ್ಲ.

ಸೆರಗಿನ ಶಾಲೆಯೊಂದನ್ನು ನಾನು ಬಾದಾಮಿ ತಾಲೂಕಿನಲ್ಲಿ ಕಂಡೆ. ಬನಶಂಕರಿ ಜಾತ್ರೆಗೆಂದು ಮಾವನವರ ಮನೆಗೆ ಹೋದವರು ಎರಡು ದಿನ ಹೆಚ್ಚಾಗಿ ಉಳಿದಿದ್ದೆವು. ಗೋಡೆಯ ತುಂಬ ಬಣ್ಣದ ಚಿತ್ರಗಳು, ಕೆಂಪುಕಲ್ಲಿನ ಕಟ್ಟೆ, ಹೊಸ ಗಣಕಯಂತ್ರಗಳು. ನಾಲ್ಕನೆಯ ಇಯತ್ತೆಯ ಹಿಂದಿನ ಸಾಲಿನ ಹುಡುಗನೊಬ್ಬ ಪಾಠವನ್ನು ಗಿಳಿಯಂತೆ ಒಪ್ಪಿಸಿದ. ನಾನು ನಾಲ್ಕು ಪುಟ ಮಗುಚಿ ಬೇರೊಂದು ಸಾಲಿನ ಮೇಲೆ ಬೆರಳಿಟ್ಟೆ. ಅವನು ನನ್ನ ಬೆರಳನ್ನೇ ನೋಡುತ್ತ ನಿಂತ. ಪುಸ್ತಕಗಳ ಕಪಾಟಿಗೆ ಬೀಗವಿತ್ತು. ಕೀಲಿಕೈ ಎಲ್ಲಿದೆಯೆಂಬುದರ ಬಗ್ಗೆ ಇಬ್ಬರು ಶಿಕ್ಷಕರಲ್ಲಿ ಭಿನ್ನಾಭಿಪ್ರಾಯವಿತ್ತು.

ಮರುವಾರ ಹುನಗುಂದ ತಾಲೂಕಿನ ಹಳ್ಳಿಯೊಂದಕ್ಕೆ ಹೋದೆ. ನನ್ನ ಸಹಪಾಠಿಯ ತಂಗಿ ಅಲ್ಲಿ ಅಕ್ಕೋರು. ಎರಡೇ ಕೋಣೆಗಳು, ಅದರಲ್ಲೊಂದು ಮಳೆಗಾಲದಲ್ಲಿ ಸೋರುವುದೆಂದು ಗೋಡೆಯ ಕಲೆಗಳೇ ಹೇಳುತ್ತಿದ್ದವು. ಒಳಗೆ ಒಂದು, ಎರಡು, ಮೂರನೆಯ ಇಯತ್ತೆಗಳ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕುಳಿತು ಏಕಕಾಲಕ್ಕೆ ಮಾತನಾಡುತ್ತಿದ್ದರು. ಉಪನ್ಯಾಸಕನ ಕಿವಿಗೆ ಇದು ಸಹ್ಯವಾಗುವ ದೃಶ್ಯವಲ್ಲ. ಆಕೆ ನನ್ನ ಮೋರೆ ನೋಡಿ ನಕ್ಕಳು. "ಗದ್ದಲಾ ಅಲ್ಲರಿ ಅಣ್ಣಾರ, ಓದಾಕತ್ತಾರ."

ಅದು ನಲಿ-ಕಲಿ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, 2009–10ರ ಹೊತ್ತಿಗೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ್ದು. ಗೋಡೆಯ ಮೇಲೊಂದು ಕಲಿಕೆಯ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿಕೊಂಡು ಅದಕ್ಕೆ ತಕ್ಕ ಚೀಟಿಯನ್ನು ತಾನೇ ಎತ್ತಿಕೊಳ್ಳಬೇಕು. ಹೊಸದನ್ನು ಕಲಿಯುವವರು ಅಕ್ಕೋರ ಹತ್ತಿರ, ಅಭ್ಯಾಸ ಮಾಡುವವರು ಗೆಳೆಯರ ಹತ್ತಿರ, ಕಲಿತವರು ತಮ್ಮಷ್ಟಕ್ಕೆ.

ಎಣ್ಣೆ ಕಾಣದ ಕೂದಲಿನ ಹುಡುಗಿಯೊಬ್ಬಳು ಏಣಿಯ ಮುಂದೆ ನಿಂತು ಬೆರಳಿನಿಂದ ಏನೋ ಹುಡುಕುತ್ತಿದ್ದಳು. ತಂದೆತಾಯಿಗಳೊಡನೆ ಗೋವೆಗೆ ಗುಳೆ ಹೋಗಿದ್ದವಳು, ಎರಡು ತಿಂಗಳ ಮೇಲೆ ಹಿಂದಿನ ದಿನವಷ್ಟೇ ಮರಳಿದ್ದಳಂತೆ. ಬೇರೆ ಕಡೆಯಾದರೆ ಪಾಠ ಎಂಟು ಅಧ್ಯಾಯ ಮುಂದೆ ಹೋಗಿರುತ್ತಿತ್ತು, ಹುಡುಗಿ ಹಿಂದಿನ ಸಾಲಿಗೆ ಹೋಗಿರುತ್ತಿದ್ದಳು, ಅಲ್ಲಿಂದ ಮುಂದಿನ ವರ್ಷ ಹೊಲಕ್ಕೆ. ಇಲ್ಲಿ ಅವಳು ತಾನು ಬಿಟ್ಟುಹೋದ ಮೆಟ್ಟಿಲನ್ನು ಕಂಡುಹಿಡಿದು, ಚೀಟಿ ಎತ್ತಿಕೊಂಡು, ಅಕ್ಕೋರ ಪಕ್ಕಕ್ಕೆ ಬಂದು ಕುಳಿತಳು. ಯಾರೂ ಅವಳನ್ನು ಏನೂ ಕೇಳಲಿಲ್ಲ.

ತಂದೆಯವರು ಹೇಳಿದ ಕೊಂಡಿ ಇದೇ ಎಂದು ನನಗೆ ಆಗ ಹೊಳೆಯಿತು. ಎರಡು ತಿಂಗಳು ತಪ್ಪಿಸಿಕೊಂಡ ಮಗುವನ್ನು ಬಿಡದೆ ಸೇರಿಸಿಕೊಳ್ಳುವ ಶಾಲೆ, ಹದಿನೈದು ದಿನ ಜ್ವರದಲ್ಲಿ ಮಲಗುವ ನನ್ನ ಮಗಳನ್ನು ಬಿಟ್ಟೀತೆ? ಹಾಗೆಂದು ಆ ಪದ್ಧತಿಯನ್ನು ಕಣ್ಣು ಮುಚ್ಚಿ ಹೊಗಳಲಾರೆ. ಮೂರು ಇಯತ್ತೆಗಳಿಗೆ ಒಬ್ಬರೇ ಅಕ್ಕೋರು; ಅವರು ರಜೆ ಹಾಕಿದ ದಿನ ಏಣಿ ಬರಿಯ ಗೋಡೆಯ ಚಿತ್ರ. ನಾಲ್ಕನೆಯ ಇಯತ್ತೆಗೆ ಬಂದೊಡನೆ ಏಣಿಯೂ ಇಲ್ಲ, ಚೀಟಿಯೂ ಇಲ್ಲ. ಅಲ್ಲಿ ಇನ್ನೊಂದು ಕೊಂಡಿಯುಂಟು. ಅದು ಬಿಗಿಯಾಗಿದೆಯೋ ಎಂಬುದನ್ನು ಪಾಲಕರು ಬೇರೆಯಾಗಿಯೇ ನೋಡತಕ್ಕದ್ದು.

ನಮ್ಮ ನವನಗರದ ಶಾಲೆಗೆ ಈ ಕಣ್ಣಿನಿಂದ ಎರಡು ಸಲ ಹೋದೆ, ಎರಡನೆಯ ಸಲ ಮಧ್ಯಾಹ್ನದ ಊಟದ ಮೇಲೆ. (ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲ ಶಾಲೆಗಳೂ ಚೆನ್ನಾಗಿಯೇ ಇರುತ್ತವೆ.) ಅನ್ನ, ಸಾರು ಬಿಸಿಯಾಗಿದ್ದವು, ಈ ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹುಡುಗಿಯರ ಶೌಚಾಲಯದ ನಳದಲ್ಲಿ ನೀರಿತ್ತು. ಇದನ್ನು ನನ್ನ ಮಡದಿಯೇ ಹೋಗಿ ತಿರುಗಿಸಿ ನೋಡಿದಳು. ಒಂದರಿಂದ ಐದರವರೆಗೆ 114 ಮಕ್ಕಳು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಲೆಕ್ಕದಲ್ಲಿ ನಾಲ್ವರು ಶಿಕ್ಷಕರಿರಬೇಕು. ಇದ್ದವರು ಮೂವರು, ಅವರಲ್ಲೊಬ್ಬರು ಅತಿಥಿ ಶಿಕ್ಷಕರು. ನಾಲ್ಕನೆಯ ಇಯತ್ತೆಯ ಹಿಂದಿನ ಸಾಲಿನಲ್ಲಿ ಐವರನ್ನು ಓದಿಸಿದೆ. ಮೂವರು ಸರಾಗವಾಗಿ, ಒಬ್ಬಳು ತಡವರಿಸುತ್ತ ಓದಿದಳು. ಒಬ್ಬನಿಗೆ ಒತ್ತಕ್ಷರ ಬರಲಿಲ್ಲ. ಗುರುಗಳು ಅದನ್ನು ಮರೆಮಾಚದೆ, "ಇವ ಮೊನ್ನೆ ಸೇರ್ಯಾನ್ರಿ. ಸಂಜಿಮುಂದ ಅರ್ಧಾ ತಾಸ ಕುಂಡ್ರಿಸಿಕೊಳ್ತೀನಿ" ಎಂದರು. ಕಪಾಟು ತೆರೆದಿತ್ತು, ಪುಸ್ತಕಗಳ ಅಂಚು ಹರಿದಿತ್ತು. ಹರಿದ ಪುಸ್ತಕ ಕಂಡು ಇಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ನಾಲ್ಕನೆಯ ಶಿಕ್ಷಕರ ಬಗೆಗೆ ಮೇಲಿನವರನ್ನು ಕೇಳುವವರು ಯಾರೆಂದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದಿದೆ. ಕಾಯಿದೆಯ ಪ್ರಕಾರ ಅದರ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. "ಅದಾರ್ರಿ," ಎಂದರು ಮುಖ್ಯ ಗುರುಗಳು. "ದುಡಕೊಂಡು ತಿನ್ನೂ ಮಂದಿ. ಸಭಾಕ್ಕ ಬಂದ್ರ ಒಂದ ದಿನದ ಪಗಾರ ಹೋಗ್ತೈತಿ. ಅರ್ಜಿ ಬರಿಯಾವ್ರು, ಕಚೇರಿಗೆ ಅಡ್ಡಾಡಾವ್ರು ತಮ್ಮ ಹುಡುಗೂರನ್ನ ಹಳದಿ ಗಾಡಿಗೆ ಹತ್ತಿಸಿಬಿಟ್ರಲ್ರಿ."

ಮಾತು ನನಗೇ ಹೇಳಿದಂತಿತ್ತು. ಮನೆಗೆ ಬರುವ ದಾರಿಯಲ್ಲಿ ಮಡದಿ ಬಹಳ ಹೊತ್ತು ಮಾತನಾಡಲಿಲ್ಲ. ಬಾಗಿಲ ಬಳಿ ನಿಂತು, "ಮೂರನೇತ್ತೆ ಮುಗಿಯೂತನಕ ನೋಡೂಣು. ನಾಲ್ಕನೇತ್ತಿಗೆ ಮತ್ತ ನಾನs ಹೋಗಿ ಹಿಂದಿನ ಸಾಲು ಓದಸ್ತೀನಿ. ಸಭಾಕ್ಕ ಮಾತ್ರ ನೀವು ತಪ್ಪಿಸೂ ಹಂಗಿಲ್ಲ" ಎಂದಳು.

ನಿನ್ನೆ ಹೆಸರು ಹಚ್ಚಲು ಹೋಗಿದ್ದೆ. ಜನನ ಪ್ರಮಾಣಪತ್ರದ ಪ್ರತಿಯನ್ನು ಮನೆಯಲ್ಲೇ ಮರೆತುಹೋಗಿದ್ದೆನಾದ್ದರಿಂದ ಸೋಮವಾರ ಮತ್ತೊಮ್ಮೆ ಹೋಗಬೇಕಾಗಿದೆ.