ಪ್ರಗತಿ ತರೋರು ಸರಿ, ಚರಂಡಿ ನೀರು ಎಲ್ಲಿಗೆ ಬಿಡ್ತಾರೆ?

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಜಿಲ್ಲಾ ಪಂಚಾಯ್ತಿ ಚುನಾವಣೆಯ ಸುದ್ದಿ ಎದ್ದಾಗಲೆಲ್ಲ ಆಕಾಂಕ್ಷಿಗಳ ದಂಡೇ ಎದ್ದು ನಿಲ್ಲುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ತಾಲ್ಲೂಕುಗಳಲ್ಲಿ ಹಬ್ಬಕ್ಕೆ ಶುಭಾಶಯದ ಫ್ಲೆಕ್ಸು, ಜಾತ್ರೆಗೆ ಅನ್ನದಾನ, ಮದುವೆ ಮನೆಗೆ ಮುಯ್ಯಿ, ಸಾವಿನ ಮನೆಗೆ ಹೂವಿನ ಹಾರ. ಕ್ಷೇತ್ರ ಮಹಿಳೆಗೆ ಮೀಸಲಾದೀತು ಎಂಬ ಗಾಳಿ ಬೀಸಿದರೆ ಸಾಕು, ಫ್ಲೆಕ್ಸಿನಲ್ಲಿ ಹೆಂಡತಿಯ ಫೋಟೊ, ಮೈಕಿನಲ್ಲಿ ಗಂಡನ ಗಂಟಲು!

ಇವರನ್ನು ನಿಲ್ಲಿಸಿ ಜಿಲ್ಲೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಸ್ವಾಮಿ ಅಂತ ಕೇಳಿದರೆ ಬರುವ ಉತ್ತರ ಒಂದೇ: ನಮ್ಮ ಭಾಗ ಬೆಳೀಬೇಕು. ಆದರೆ ಈ 'ಬೆಳೀಬೇಕು' ಎಂಬ ಮಾತಿನ ಅರ್ಥ ಊರಿಂದ ಊರಿಗೆ ಬದಲಾಗುತ್ತದೆ. ಹೆದ್ದಾರಿ ಪಕ್ಕದ ಊರಿನಲ್ಲಿ ಕಾರ್ಖಾನೆ ಬರಲಿ, ಲೇಔಟ್ ಬರಲಿ, ಭೂಮಿಗೆ ಕೋಟಿ ಬರಲಿ ಅನ್ನುವ ಅದೇ ಮನುಷ್ಯ, ನಾಲ್ಕು ಮೈಲಿ ಒಳಗಿನ ಹಳ್ಳಿಗೆ ಹೋದರೆ ಹೆಗಲ ಮೇಲೆ ಹಸಿರು ಶಾಲು ಹಾಕಿಕೊಂಡು, ರೈತರ ಒಂದು ಗುಂಟೆಯನ್ನೂ ಬಿಟ್ಟುಕೊಡೋಲ್ಲ ಅಂತಾನೆ. ಎರಡು ಕಡೆಯೂ ಚಪ್ಪಾಳೆ ಬೀಳುತ್ತದೆ. ಯಾಕೆಂದರೆ ಎರಡು ಕಡೆಯೂ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ: ಅಣ್ಣಾ, ಈ ಎರಡರಲ್ಲಿ ನಿನ್ನ ಕೈಯಲ್ಲಿ ಇರೋದು ಯಾವುದು?

ಕಾನೂನಿನ ಪುಸ್ತಕ ತೆರೆದರೆ ಉತ್ತರ ಸಿಗುತ್ತದೆ. ಎರಡೂ ಇಲ್ಲ.

ಅಧಿಕಾರ ಯಾರದು, ಖರ್ಚು ಯಾರದು?

ಕೈಗಾರಿಕೆಗೆ ಜಮೀನು ಹಿಡಿಯುವುದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಕೆಲಸ. ಅದಕ್ಕೆ 1966ರ ಕಾಯ್ದೆಯ ಬಲವಿದೆ. ವಿಮಾನ ನಿಲ್ದಾಣದ ಸುತ್ತಮುತ್ತ ಎಲ್ಲಿ ಮನೆ, ಎಲ್ಲಿ ಗೋದಾಮು, ಎಲ್ಲಿ ಹಸಿರು ವಲಯ ಎಂದು ನಕ್ಷೆಗೆ ಬಣ್ಣ ಬಳಿಯುವುದು ಯೋಜನಾ ಪ್ರಾಧಿಕಾರದ ಕೆಲಸ. ಇವೆರಡರ ಲಗಾಮೂ ವಿಧಾನಸೌಧದಲ್ಲಿದೆ. ಜಿಲ್ಲಾ ಪಂಚಾಯ್ತಿ ಸದಸ್ಯನನ್ನು ಈ ವಿಷಯದಲ್ಲಿ ಕೇಳಲೇಬೇಕು ಎಂಬ ಕಟ್ಟಳೆ ಎಲ್ಲೂ ಇಲ್ಲ.

ಹಾಗಾದರೆ ಜಿಲ್ಲಾ ಪಂಚಾಯ್ತಿಗೆ ಉಳಿದದ್ದೇನು? ಶಾಲೆಯ ಕಟ್ಟಡ, ಪ್ರಾಥಮಿಕ ಆರೋಗ್ಯ ಕೇಂದ್ರ, ಪಶುವೈದ್ಯ ಆಸ್ಪತ್ರೆ, ಹಾಸ್ಟೆಲು, ಕುಡಿಯುವ ನೀರು, ಸಣ್ಣಪುಟ್ಟ ಕೆರೆ, ಹಳ್ಳಿ ರಸ್ತೆ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆಂದು 29 ವಿಷಯಗಳ ಪಟ್ಟಿಯೇನೋ ಇದೆ. ಆದರೆ ತೆರಿಗೆ ಹಾಕುವ ಅಧಿಕಾರ ಇರುವುದು ಗ್ರಾಮ ಪಂಚಾಯ್ತಿಗೆ. ಜಿಲ್ಲಾ ಪಂಚಾಯ್ತಿ ಸರ್ಕಾರದ ಅನುದಾನವನ್ನೇ ನೆಚ್ಚಿ ಕೂರಬೇಕು. ಆ ಅನುದಾನದಲ್ಲೂ ಬಹುಪಾಲು ಸಂಬಳಕ್ಕೆ ಮತ್ತು ಮೇಲಿನವರು ಮೊದಲೇ ಗೆರೆ ಕೊರೆದ ಯೋಜನೆಗಳಿಗೆ ಹೋಗುತ್ತದೆ.

ಈಗ ಲೆಕ್ಕ ಹಾಕಿ. ಊರ ಪಕ್ಕ ಒಂದು ಕೈಗಾರಿಕಾ ಪ್ರದೇಶ ಬಂತು. ಹೊರಗಿನಿಂದ ಕೆಲಸಗಾರರು ಬಂದರು. ಶಾಲೆಯಲ್ಲಿ ಮಕ್ಕಳು ಹೆಚ್ಚಿದರು, ಆಸ್ಪತ್ರೆಯಲ್ಲಿ ಸಾಲು ಬೆಳೆಯಿತು, ಬೋರ್‌ವೆಲ್ ಒಣಗಿತು, ಲಾರಿ ಓಡಾಡಿ ಹಳ್ಳಿ ರಸ್ತೆ ಗುಂಡಿಬಿತ್ತು. ಬೆಳವಣಿಗೆಯನ್ನು ತರುವ ತೀರ್ಮಾನ ಮೇಲಿನವರದು. ತಂದ ಮೇಲೆ ಬೀಳುವ ಹೊರೆ ಕೆಳಗಿನವರದು. ಮದುವೆ ನಿಶ್ಚಯ ಮಾಡಿದವರು ಯಾರೋ, ಊಟದ ಬಿಲ್ ಕಟ್ಟುವವರು ಯಾರೋ!

ಚನ್ನರಾಯಪಟ್ಟಣ ಹೋಬಳಿಯ ಪಾಠ

ಇದು ಬರೀ ತರ್ಕವಲ್ಲ ಎಂಬುದಕ್ಕೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯೇ ಸಾಕ್ಷಿ. ಅಲ್ಲಿನ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆಂದು ಹಿಡಿಯಲು ಸರ್ಕಾರ 2021ರಲ್ಲಿ ಅಧಿಸೂಚನೆ ಹೊರಡಿಸಿತು. ರಾಗಿ, ತರಕಾರಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವ, ಹಾಲಿನ ಡೇರಿಯಿಂದ ವಾರದ ಖರ್ಚು ತೂಗಿಸುವ ಊರುಗಳಿವು. 2022ರ ಏಪ್ರಿಲ್‌ನಲ್ಲಿ ರೈತರು ಧರಣಿ ಕೂತರು. ಧರಣಿ ಸಾವಿರ ದಿನ ದಾಟಿತು. ಈ ನಡುವೆ ರಾಜ್ಯದಲ್ಲಿ ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಪಕ್ಷದ ಸರ್ಕಾರ ಬಂತು. ಅಧಿಸೂಚನೆ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. 2025ರ ಜೂನ್‌ನಲ್ಲಿ 'ದೇವನಹಳ್ಳಿ ಚಲೋ' ಆಯಿತು, ಪೊಲೀಸರು ಪ್ರತಿಭಟನಾಕಾರರನ್ನು ಎತ್ತಿ ವ್ಯಾನಿಗೆ ಹಾಕಿದರು, ಗದ್ದಲ ರಾಜ್ಯವಿಡೀ ಕೇಳಿಸಿತು. ಕಡೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ತಾವಾಗಿ ಕೊಡಲು ಮುಂದೆ ಬರುವವರ ಜಮೀನನ್ನು ಮಾತ್ರ ಕೊಳ್ಳುತ್ತೇವೆ ಎಂದರು. ಕೊಡಲು ಸಿದ್ಧ ಎಂದ ರೈತರೂ ಇದ್ದರು ಎಂಬುದನ್ನು ಮರೆಮಾಚಬೇಕಿಲ್ಲ.

ರೈತರು ಗೆದ್ದರು, ಸಂತೋಷ. ಆದರೆ ಈ ಕಥೆಯಲ್ಲಿ ಒಂದು ಪಾತ್ರ ರಂಗದ ಮೇಲೆ ಬರಲೇ ಇಲ್ಲ. ಅದೇ ಜಿಲ್ಲಾ ಪಂಚಾಯ್ತಿ.

ಬರುವುದಾದರೂ ಹೇಗೆ? 2016ರ ಫೆಬ್ರವರಿಯಲ್ಲಿ ಚುನಾಯಿತರಾದ ಸದಸ್ಯರ ಅವಧಿ 2021ರಲ್ಲೇ ಮುಗಿದಿತ್ತು. ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನದ 243-ಇ ವಿಧಿ ಹೇಳುತ್ತದೆ. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಕಟ್ಟೆ ಅಂತ ದಿನ ತಳ್ಳುತ್ತ 2024 ಮುಗಿದರೂ ಚುನಾವಣೆ ನಡೆಯಲಿಲ್ಲ. ಖುರ್ಚಿಯಲ್ಲಿ ಕೂತದ್ದು ಆಡಳಿತಾಧಿಕಾರಿ. ಜಿಲ್ಲೆಯ ಮುಂದೆ ಬೆಳವಣಿಗೆಯ ಅತಿ ದೊಡ್ಡ ಪ್ರಶ್ನೆ ಬಂದು ನಿಂತ ಆ ಸಾವಿರ ದಿನಗಳಲ್ಲಿ, ಇಡೀ ಜಿಲ್ಲೆಯ ಗ್ರಾಮಸ್ಥರ ಪರವಾಗಿ ಸಭೆಯಲ್ಲಿ ಎದ್ದು ಮಾತಾಡುವ ಒಬ್ಬ ಜಿಲ್ಲಾ ಪಂಚಾಯ್ತಿ ಸದಸ್ಯನೂ ಇರಲಿಲ್ಲ! ರೈತರು ನೇರವಾಗಿ ಮುಖ್ಯಮಂತ್ರಿಯ ಬಾಗಿಲಿಗೇ ಹೋಗಬೇಕಾಯಿತು. ಇಂಥ ಖಾಲಿ ಖುರ್ಚಿಯಿಂದ ಲಾಭ ಯಾರಿಗೆ? ಕಾಮಗಾರಿ ಹಂಚುವಾಗ ಪಾಲು ಕೇಳುವ ಸದಸ್ಯರಿಲ್ಲದಿದ್ದರೆ ಶಾಸಕರಿಗೂ ಸಲೀಸು, ಅಧಿಕಾರಿಗಳಿಗೂ ಸಲೀಸು. ಇದರಲ್ಲಿ ಆ ಪಕ್ಷ ಈ ಪಕ್ಷ ಅಂತ ಭೇದವಿಲ್ಲ.

ಒಂದು ಕಾಲವಿತ್ತು

ಹೀಗೇ ಇರಬೇಕು ಅಂತ ವಿಧಿ ಬರೆದಿರಲಿಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆ ತಂದರು. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡ ಅದೇ ನಜೀರ್ ಸಾಬ್. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಅದೇ ಮೊದಲನೆಯದು. ಆಗ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ಸ್ಥಾನಮಾನ, ಗೂಟದ ಕಾರು. ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಇಲಾಖೆಯವರು ಅಧ್ಯಕ್ಷರ ಮುಂದೆ ಕಡತ ಹಿಡಿದು ನಿಲ್ಲುತ್ತಿದ್ದರು. ಶಾಸಕರಿಗೆ ಅದು ಹಿಡಿಸಲಿಲ್ಲ ಎಂಬುದೂ ಲೋಕಕ್ಕೆ ಗೊತ್ತಿದ್ದ ಗುಟ್ಟು. 1992ರಲ್ಲಿ ಅವಧಿ ಮುಗಿದಾಗ ಆಡಳಿತಾಧಿಕಾರಿಗಳು ಬಂದು ಕೂತರು. 1993ರ ಹೊಸ ಕಾಯ್ದೆಯಲ್ಲಿ ಹೆಸರು ಜಿಲ್ಲಾ ಪಂಚಾಯ್ತಿ ಆಯಿತು. ಹಲ್ಲು ಮೊದಲಿನಷ್ಟು ಹರಿತವಾಗಿ ಉಳಿಯಲಿಲ್ಲ.

ದೊಡ್ಡತುಮಕೂರಿನ ಕೆರೆ ಕೇಳುವ ಪ್ರಶ್ನೆ

ಭೂಮಿ ಹೋಗುವುದೊಂದೇ ಬೆಳವಣಿಗೆಯ ಸಮಸ್ಯೆಯಲ್ಲ. ಭೂಮಿ ಉಳಿದವರಿಗೂ ಅದರ ಬಿಸಿ ತಟ್ಟುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರು ಮತ್ತು ಮಜರಾ ಹೊಸಹಳ್ಳಿ ಗ್ರಾಮ ಪಂಚಾಯ್ತಿಗಳ ಜನ ವರ್ಷಗಳಿಂದ ಬೀದಿಗಿಳಿದದ್ದು ಇದಕ್ಕೇ. ದೊಡ್ಡಬಳ್ಳಾಪುರ ಪಟ್ಟಣದ ಕೊಳಚೆ ಮತ್ತು ಬಾಶೆಟ್ಟಿಹಳ್ಳಿ ಕಡೆಯ ಕಾರ್ಖಾನೆಗಳ ತ್ಯಾಜ್ಯ ಹರಿದು ಅರ್ಕಾವತಿ ಪಾತ್ರದ ಕೆರೆಗಳು ಕೆಟ್ಟವು. ಕೆರೆ ಕೆಟ್ಟರೆ ಬೋರ್‌ವೆಲ್ ನೀರೂ ಕೆಡುತ್ತದೆ. ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ, ಇರುವುದು ಕೆರೆ, ಅದರ ಕೆಳಗೆ ಅಂತರ್ಜಲ, ಅಷ್ಟೇ.

ಇದರಲ್ಲಿ ಆಡಳಿತದ ಗೋಜಲು ನೋಡಿ. ಕೊಳಚೆ ಹುಟ್ಟುವುದು ನಗರಸಭೆ ವ್ಯಾಪ್ತಿಯಲ್ಲಿ, ತ್ಯಾಜ್ಯ ಹುಟ್ಟುವುದು ಕೈಗಾರಿಕಾ ಪ್ರದೇಶದಲ್ಲಿ, ತಪಾಸಣೆ ಮಾಡಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಳಿ, ವಾಸನೆ ಕುಡಿಯುವುದು ಗ್ರಾಮ ಪಂಚಾಯ್ತಿ. ಕೆರೆ ಕೆಟ್ಟಿತು ಅಂತ ಗ್ರಾಮ ಪಂಚಾಯ್ತಿ ಅಧ್ಯಕ್ಷರು ಪತ್ರ ಬರೆದರೆ, ನಮ್ಮ ವ್ಯಾಪ್ತಿಯಲ್ಲ ಅಂತ ಒಬ್ಬೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸಬಹುದು. ನೀರಿಗೆ ಮಾತ್ರ ವ್ಯಾಪ್ತಿ ಗೊತ್ತಿಲ್ಲ, ಅದು ಇಳಿಜಾರು ನೋಡಿಕೊಂಡು ಹರಿಯುತ್ತದೆ.

ಮರೆತುಹೋದ ಸಮಿತಿ

ಪಟ್ಟಣ ಮತ್ತು ಹಳ್ಳಿ ಎರಡನ್ನೂ ಒಂದೇ ಮೇಜಿನ ಮುಂದೆ ಕೂರಿಸಲು ಸಂವಿಧಾನವೇ ಒಂದು ದಾರಿ ಮಾಡಿಟ್ಟಿದೆ. ಅದರ ಹೆಸರು ಜಿಲ್ಲಾ ಯೋಜನಾ ಸಮಿತಿ. 243-ಝಡ್‌ಡಿ ವಿಧಿಯ ಪ್ರಕಾರ, ಪಂಚಾಯ್ತಿಗಳ ಯೋಜನೆಯನ್ನೂ ಪಟ್ಟಣಗಳ ಯೋಜನೆಯನ್ನೂ ಸೇರಿಸಿ ಇಡೀ ಜಿಲ್ಲೆಗೆ ಒಂದು ಕರಡು ಅಭಿವೃದ್ಧಿ ಯೋಜನೆ ತಯಾರಿಸುವುದು ಇದರ ಕೆಲಸ. ನೀರು ಹಂಚಿಕೊಳ್ಳುವುದು, ಪರಿಸರ ಕಾಪಾಡುವುದು, ಯಾವ ಸೌಕರ್ಯ ಎಲ್ಲಿರಬೇಕು ಎಂದು ತೂಗಿನೋಡುವುದು, ಎಲ್ಲವೂ ಇದರ ಪಾಲಿಗೆ ಬರುತ್ತದೆ. ಅಂದರೆ ದೊಡ್ಡತುಮಕೂರಿನ ಕೆರೆಯ ಪ್ರಶ್ನೆ ಹೋಗಿ ಕೂರಬೇಕಾದ ಜಾಗವೇ ಇದು.

ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯ್ತಿ ಮತ್ತು ಪಟ್ಟಣ ಸಂಸ್ಥೆಗಳ ಚುನಾಯಿತ ಸದಸ್ಯರಿಂದಲೇ ಆರಿಸಿ ಬರಬೇಕು. ಜಿಲ್ಲಾ ಪಂಚಾಯ್ತಿಯೇ ಇಲ್ಲದಿದ್ದರೆ ಹಳ್ಳಿಗಳ ಪಾಲಿನ ಜಾಗ ತುಂಬುವವರು ಯಾರು? ಹಳ್ಳಿಯವರಿಲ್ಲದ ಮೇಜಿನ ಮೇಲೆ ಹಳ್ಳಿಯ ನಕ್ಷೆ ಬಿಡಿಸಿದರೆ ಕೆರೆ ಇರುವ ಕಡೆ ಕೈಗಾರಿಕೆ, ಹೊಲ ಇರುವ ಕಡೆ ಹೆದ್ದಾರಿ ಬರುವುದರಲ್ಲಿ ಆಶ್ಚರ್ಯವೇನಿದೆ? ಖುರ್ಚಿ ತುಂಬಿದ ಕಾಲದಲ್ಲೂ ಈ ಸಮಿತಿಯ ಹೆಸರನ್ನು ಪ್ರಚಾರದ ಭಾಷಣದಲ್ಲಿ ತಂದವರು ಅಪರೂಪ. ಕಾಮಗಾರಿ, ಕಂಟ್ರಾಕ್ಟು, ಸ್ಥಾಯಿ ಸಮಿತಿ ಅಧ್ಯಕ್ಷಗಿರಿ, ಮಾತೆಲ್ಲ ಇವುಗಳ ಸುತ್ತಲೇ.

ಮತದಾರ ಕೇಳಬೇಕಾದ್ದು

ವಿಮಾನ ನಿಲ್ದಾಣ 2008ರಲ್ಲಿ ತೆರೆದ ಮೇಲೆ ಈ ಜಿಲ್ಲೆ ಬೆಳೆಯಬೇಕೋ ಬೇಡವೋ ಎಂಬ ಚರ್ಚೆಗೆ ಅರ್ಥ ಉಳಿದಿಲ್ಲ. ಬೆಳವಣಿಗೆ ಬಂದಾಗಿದೆ. ಕೆಲವರ ಮನೆ ಮೇಲೆ ಮಾಳಿಗೆ ಎದ್ದಿದೆ, ಕೆಲವರು ತಮ್ಮದೇ ಹೊಲವಿದ್ದ ಜಾಗದಲ್ಲಿ ಕಾವಲುಗಾರರಾಗಿದ್ದಾರೆ. ಉಳಿದಿರುವ ಪ್ರಶ್ನೆ, ಎಲ್ಲಿ ಬೆಳೆಯಬೇಕು, ಎಷ್ಟು ಬೆಳೆಯಬೇಕು, ಅದನ್ನು ಯಾರನ್ನು ಕೇಳಿ ಮಾಡಬೇಕು ಎಂಬುದು.

ಆದ್ದರಿಂದ ಮನೆ ಬಾಗಿಲಿಗೆ ಕೈಮುಗಿದು ಬರುವ ಅಭ್ಯರ್ಥಿಗೆ ನೀರು, ಮಜ್ಜಿಗೆ ಕೊಟ್ಟು ಕೂರಿಸಿ ನಾಲ್ಕು ಪ್ರಶ್ನೆ ಕೇಳುವುದು ಒಳ್ಳೆಯದು. ಒಂದು: ಜಮೀನು ಹಿಡಿಯುವ ಮುನ್ನ ಜಿಲ್ಲಾ ಪಂಚಾಯ್ತಿಯ ಒಪ್ಪಿಗೆ ಬೇಕು ಎಂದು ಕಾನೂನು ತಿದ್ದಲು ನಿಮ್ಮ ಶಾಸಕರನ್ನು, ನಿಮ್ಮದೇ ಪಕ್ಷದವರನ್ನು, ಬಹಿರಂಗವಾಗಿ ಒತ್ತಾಯ ಮಾಡ್ತೀರಾ? ಎರಡು: ಜಿಲ್ಲಾ ಯೋಜನಾ ಸಮಿತಿ ಸಭೆ ಕರೆಸಿ, ಪಟ್ಟಣದ ಕೊಳಚೆ ಯಾವ ಕೆರೆಗೆ ಹೋಗುತ್ತದೆ ಅಂತ ಲೆಕ್ಕ ಕೇಳ್ತೀರಾ? ಮೂರು: ಕೈಗಾರಿಕಾ ಪ್ರದೇಶದಿಂದ ಬರುವ ವರಮಾನದಲ್ಲಿ ಪಕ್ಕದ ಹಳ್ಳಿಯ ಶಾಲೆಗೆ, ಆಸ್ಪತ್ರೆಗೆ ಪಾಲೆಷ್ಟು? ನಾಲ್ಕು: ನಿಮ್ಮ ಅವಧಿ ಮುಗಿಯುವ ಹೊತ್ತಿಗೆ ಚುನಾವಣೆ ಮತ್ತೆ ಮುಂದಕ್ಕೆ ಹೋದರೆ, ಕೋರ್ಟಿಗೆ ಹೋಗೋಕೆ ತಯಾರಿದ್ದೀರಾ?

ಇವಕ್ಕೆ ಉತ್ತರ ಇದ್ದವರು ಯಾವ ಪಕ್ಷದವರಾದರೂ ಸರಿ, ಕೂರಿಸಿ ಮಾತಾಡಬಹುದು. ಉತ್ತರ ಇಲ್ಲದೆ 'ಬೆಳೀಬೇಕು' ಅಂತಲೇ ರಾಗ ಎಳೆಯುವವರಿಗೆ ಮಜ್ಜಿಗೆ ಕುಡಿಸಿ ಕಳಿಸುವುದು ಮರ್ಯಾದೆ. ವೋಟು ಕೊಡುವುದು ಬೇರೆ ಮಾತು.